ಗಾಜಿನೊಳಗಿನ ಕರಡಿಗೆ

ಆವತ್ತು ಸಂಗ್ರಹಾಲಯಕ್ಕೆ ಹೋದವರು ಮೂವರು: ನಾನು, ನನ್ನ ಗಂಡ, ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ನಮ್ಮಲ್ಲಿಗೆ ಬಂದಿದ್ದ ಅತ್ತೆ. ಗಂಡನ ನೌಕರಿಯಿಂದಾಗಿ ನಾವಾಗ ಪರದೇಶದಲ್ಲಿದ್ದೆವು. ಆ ದೇಶದ ಇತಿಹಾಸವನ್ನೆಲ್ಲ ಪೇರಿಸಿಟ್ಟ ದೊಡ್ಡ ಕಟ್ಟಡ ಅದು. ಅವರ ರಾಜರು, ಅವರ ಯುದ್ಧಗಳು, ಆಮೇಲೆ ಅವರು ಆಳಿದ ನಾಡುಗಳಿಂದ ಹೊತ್ತು ತಂದ ಸಾಮಾನು.

ಆ ಸಾಮಾನಿನ ನಡುವೆ, ಗಾಜಿನೊಳಗೆ, ಬೆಳ್ಳಿಯ ಕರಡಿಗೆಯೊಂದಿತ್ತು. ನಮ್ಮ ಮನೆಗಳಲ್ಲಿ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆ. ಕೆಳಗಿನ ಚೀಟಿಯಲ್ಲಿ ಬರೆದದ್ದು ‘ನಶ್ಯದ ಡಬ್ಬಿ’ ಎಂದು! ಮೈಯೆಲ್ಲ ಉರಿದುಹೋಯಿತು. ಅತ್ತೆಗೆ ಓದಿ ಹೇಳಿದೆ. ಅವರು ನಶ್ಯದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಅದಿರ್ಲಿ. ಒಳಗ ಲಿಂಗ ಐತೇನು ಕೇಳವಾ ಮೊದಲ.”

“ಅವ್ವಾ, ಮುಂದ ನಡಿ ಬೇ. ಜನಾ ನೋಡಾಕತ್ತಾರ,” ಎಂದರು ನನ್ನ ಗಂಡ.

“ನೋಡಾಕಂತನ ಬಂದಾರಲ್ಲ, ನೋಡ್ಲಿ. ಬರೇ ಬೆಳ್ಳಿ ಇದ್ರ ಯಾರೋ ಮಾರಿರ್ತಾರ, ಹೋಗ್ಲಿ. ಒಳಗ ಲಿಂಗ ಇದ್ರ? ಯಾರ ಕೊಳ್ಳಾಗಿಂದು ಕಿತ್ಕೊಂಡ ಬಂದಾರ? ಆ ಜೀವಾನ ಬರಿಗೈಲೆ ಮಣ್ಣು ಮಾಡ್ಯಾರೇನು?”

ನಮ್ಮಲ್ಲಿ ಸತ್ತವರ ಲಿಂಗವನ್ನು ಅವರ ಅಂಗೈಯಲ್ಲಿಟ್ಟೇ ಮಣ್ಣು ಮಾಡುವುದು. ಅದು ಮಗನಿಗೂ ಉಳಿಯುವುದಿಲ್ಲ.

ಬಾಗಿಲ ಬಳಿ ಮೇಜಿಗೆ ಕೂತಿದ್ದ ಹೆಣ್ಣುಮಗಳಿಗೆ ಎಲ್ಲ ಬಿಡಿಸಿ ಹೇಳಿದೆ. ಮುಚ್ಚಳ ಯಾರೂ ತೆಗೆದಂತಿಲ್ಲ, ತಿಳಿದವರಿಗೆ ಹೇಳಿ ನೋಡಿಸುತ್ತೇವೆ ಎಂದಳು. ಇಷ್ಟು ಕಾಲ ಇಟ್ಟುಕೊಂಡವರಿಗೆ ಒಮ್ಮೆ ತೆರೆದು ನೋಡುವ ಕಾಳಜಿಯಿಲ್ಲ, ಹೆಸರಿಡಲು ಮಾತ್ರ ಮುಂದು!

“ಏನಂತಾಳ?”

“ತಗದು ನೋಡ್ತಾರಂತ್ರಿ, ಅತ್ತಿ.”

“ನೋಡೂದಲ್ಲ. ಇದ್ರ ಮಣ್ಣಿಗೆ ಕೊಡ್ರಿ ಅನ್ನು. ಇಲ್ಲೇ, ಅವರ ಅಂಗಳದಾಗ ಕೊಟ್ರೂ ನಡೀತೈತಿ.”

ಅದನ್ನೂ ಹೇಳಿದೆ. ಆಕೆ ನಕ್ಕು ತಲೆಯಾಡಿಸಿದಳು. ಆ ನಗು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಬಸ್ಸಿನಲ್ಲಿ ಗಂಡ, “ಒಂದ್ ಸಣ್ಣ ಡಬ್ಬಿ ಸಲುವಾಗಿ ಎಷ್ಟ್ ರಂಪಾಟ!” ಎಂದರು.

“ನಿನ್ನ ಕೊಳ್ಳಾಗಿಂದು ಎಲ್ಲೈತಪಾ? ಕಪಾಟಿನ್ಯಾಗೋ? ನೀನೂ ಒಂದ್ ಚೀಟಿ ಅಂಟಸು ಅದಕ,” ಎಂದರು ಅತ್ತೆ.

ಅತ್ತೆ ಹುಬ್ಬಳ್ಳಿಗೆ ಮರಳಿದ ಮೇಲೆ ನಾನೊಬ್ಬಳೇ ಮತ್ತೆ ಅಲ್ಲಿಗೆ ಹೋದೆ. ಕರಡಿಗೆಯ ಮುಚ್ಚಳ ತೆಗೆದಿಟ್ಟಿದ್ದರು. ಪಕ್ಕದಲ್ಲಿ, ಪ್ರಖರವಾದ ದೀಪದ ಕೆಳಗೆ, ಲಿಂಗ. ಜನ ಬಾಗಿ ಬಾಗಿ ಫೋಟೋ ತೆಗೆಯುತ್ತಿದ್ದರು. ಹೊಸ ಚೀಟಿಯಲ್ಲಿ ಹೆಸರು ಸರಿಯಾಗಿತ್ತು. ಮಾಹಿತಿ ಕೊಟ್ಟ ವೀಕ್ಷಕರಿಗೆ ಕೃತಜ್ಞತೆಯೂ ಇತ್ತು.

ಮನೆಗೆ ಬಂದು ಅತ್ತೆಗೆ ಫೋನ್ ಮಾಡಿ ಹೇಳಿದೆ. ಆ ದಿನ ಅವರು ಊಟ ಮಾಡಲಿಲ್ಲವಂತೆ.