ಹೆಸರಿಡುವ ಮೊದಲೇ ಪಿಂಚಣಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲಿಕ್ಕೆ ಕೈ ಏಳುವುದಿಲ್ಲ. ತಿರುವನಂತಪುರದ ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಾಗ ಕೂಸು ಹಬೆಯಿಂದ ಆಗಷ್ಟೇ ಇಳಿಸಿದ ಕಡುಬಿನ ಹಾಗೆ ಬೆಚ್ಚಗಿತ್ತು. ತಲೆ ತುಂಬ ಕೂದಲು. ಹೆಬ್ಬೆರಳಂತೂ ತೀರಿಹೋದ ನನ್ನ ಯಜಮಾನರದೇ, ತುದಿ ಚಪ್ಪಟೆ. ಆ ಬೆರಳನ್ನು ಹಿಡಿದುಕೊಂಡು ಆಸ್ಪತ್ರೆಯ ವರಾಂಡದಲ್ಲಿ ಕಂಡಕಂಡವರಿಗೆಲ್ಲ ತೋರಿಸಿದೆ. ಕಾಫಿ ಮಾರುವವನಿಗೂ ತೋರಿಸಿದೆ. ಅವನು ನೋಡಿ, "ಸುಂದರಿಯಾಣಲ್ಲೋ ಅಮ್ಮೂಮ್ಮೇ" ಎಂದ, ಸುಂದರಿಯಲ್ಲವಾ ಅಜ್ಜೀ ಎಂದು. ಅವನಿಂದ ಬೇಡದಿದ್ದರೂ ಎರಡು ಕಾಫಿ ಕೊಂಡೆ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಉಡುಪಿ ಕಡೆಯಿಂದ ಮದುವೆಯಾಗಿ ಎರ್ನಾಕುಲಕ್ಕೆ ಬಂದೆ. ಯಜಮಾನರು ಸೆಂಟ್ರಲ್ ಸರ್ಕಾರದ ಒಂದು ಆಫೀಸಿನಲ್ಲಿ ಜವಾನರಾಗಿದ್ದರು. ಅವರು ಹೋದ ಮೇಲೆ ಬರುವ ಪಿಂಚಣಿ ಬಾಡಿಗೆಗೆ ಸರಿಹೋಗುತ್ತದೆ, ಊಟಕ್ಕೆ ಚಕ್ಕುಲಿ ಒತ್ತುತ್ತೇನೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಕನ್ನಡದವರ ಮನೆಗಳಿಗೂ ಫೋರ್ಟ್ ಕೊಚ್ಚಿಯ ಒಂದು ಅಂಗಡಿಗೂ ಕೊಡುತ್ತೇನೆ. ಇಷ್ಟೇ ನನ್ನ ವ್ಯಾಪಾರ.

ಈ ಸಣ್ಣ ವ್ಯಾಪಾರವನ್ನೂ ದೆಹಲಿಯಲ್ಲಿ ಕೂತವರು ಬಿಡುವುದಿಲ್ಲ. ಕರಿದ ತಿಂಡಿಯ ಮೇಲಿನ ತೆರಿಗೆ ಇಳಿಯಿತೆಂದು ಟಿವಿಯಲ್ಲಿ ಹಬ್ಬ ಮಾಡಿದ ಮರುದಿನ ಫೋರ್ಟ್ ಕೊಚ್ಚಿಯ ಅಂಗಡಿಯವನು ನನ್ನ ಡಬ್ಬಿ ತೂಗುತ್ತಾ, ಅಕ್ಕಾ ಎಂದು ಅವನ ಮಾತಿನಲ್ಲಿ ಕರೆದು ಹೇಳಿದ: "ಚೇಚೀ, ಟ್ಯಾಕ್ಸ್ ಕಡಿಮೆಯಾಯಿತಲ್ಲ, ಇನ್ನು ನೀವೂ ರೇಟು ಇಳಿಸಬೇಕು."

"ನಾನು ಯಾವತ್ತು ನಿನ್ನಿಂದ ಟ್ಯಾಕ್ಸ್ ತಗೊಂಡಿದ್ದೆ?"

"ಅದು ನನಗೆ ಗೊತ್ತಿಲ್ಲ. ಇಳಿದದ್ದು ಇಳಿದದ್ದೇ."

ನನಗೆ ಕೊಡುವ ದುಡ್ಡು ಇಳಿಸಿದ. ಅವನ ಗಾಜಿನ ಭರಣಿಯ ಮೇಲಿನ ಚೀಟಿಯಲ್ಲಿ ಮಾತ್ರ ಹಳೆಯ ಬೆಲೆಯೇ ಇತ್ತು. ಏರುವಾಗ ನನಗೆ ಕಾಣದ ತೆರಿಗೆ ಇಳಿಯುವಾಗ ಸೀದಾ ನನ್ನ ಚಕ್ಕುಲಿ ಡಬ್ಬಿಗೇ ಬಂದು ಬಿತ್ತು. ಅಂದಿನಿಂದ ಟಿವಿಯಲ್ಲಿ ಕೋಟು ಹಾಕಿದವನು ಯಾರಾದರೂ "ಜನಸಾಮಾನ್ಯರಿಗೆ ಲಾಭ" ಎಂದರೆ ನಾನು ಮೊದಲು ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ಭದ್ರ ಮಾಡುತ್ತೇನೆ.

ಹಾಗೆ ಭದ್ರ ಮಾಡಿ ಅರವತ್ತು ಸಾವಿರ ಕೂಡಿಸಿದ್ದೆ. ಅದು ಮಗಳ ಬಾಣಂತನಕ್ಕೆ. ಮದುವೆಯಾಗಿ ತಿರುವನಂತಪುರದಲ್ಲಿರುವ ಅವಳು ಮನೆಯ ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ ಇಟ್ಟುಕೊಂಡು ರವಕೆ ಹೊಲಿಯುತ್ತಾಳೆ. ಆಫೀಸಿನ ಹೆಂಗಸರಿಗೆ ಹೆರಿಗೆಗೆ ಆರು ತಿಂಗಳು ಸಂಬಳದ ರಜೆ ಉಂಟಂತೆ. ರವಕೆ ಹೊಲಿಯುವವಳಿಗೆ ರಜೆ ಕೊಡುವವರು ಯಾರು? ಗಿರಾಕಿಗಳು ಆಸ್ಪತ್ರೆಗೇ ಫೋನು ಮಾಡಿ, "ಮೋಳೇ, ಮದುವೆಯ ರವಕೆ ಯಾವಾಗ?" ಎಂದು ಮಗಳೇ ಎನ್ನುವ ಪ್ರೀತಿಯಲ್ಲೇ ಕೇಳಿದರು. ನಲವತ್ತನೇ ದಿನಕ್ಕೆ ಮೆಷಿನ್ನಿಗೆ ಕೂರುತ್ತೇನೆಂದು ಇವಳು ಹೆರಿಗೆಗೆ ಮೊದಲೇ ಮಾತು ಕೊಟ್ಟುಬಿಟ್ಟಿದ್ದಳು. ಅದೇ ಓಣಿಯಲ್ಲಿ ಹೊಲಿಗೆ ಬಲ್ಲ ಒಬ್ಬ ಹೆಂಗಸಿದ್ದಾಳೆ. ನನ್ನ ದುಡ್ಡಿನಲ್ಲಿ ಅವಳಿಗೆ ಆರು ತಿಂಗಳು ಅರ್ಧ ದಿನದ ಸಂಬಳ ಕೊಟ್ಟರೆ ಮಗಳು ಕೂಸಿನ ಪಕ್ಕ ಮಲಗಿರಬಹುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ರೈಲು ಹತ್ತಿ ತಿರುವನಂತಪುರಕ್ಕೆ ಬಂದದ್ದು.

ನಮ್ಮಲ್ಲಿ ಕೂಸಿಗೆ ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಅಲ್ಲಿಯವರೆಗೆ ಆ ಹೆಸರನ್ನು ಅಪ್ಪ ಅಮ್ಮ ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು, ಅಜ್ಜಿಗೂ ಹೇಳಬಾರದು. ಸೋದರತ್ತೆಗೆ ಮೈಸೂರಿನಿಂದ ಬರಲು ರಜೆ ಸಿಗಬೇಕಿತ್ತು, ಹಾಗಾಗಿ ಇಲ್ಲಿಯವರ ಪದ್ಧತಿಯಂತೆ ಇಪ್ಪತ್ತೆಂಟನೇ ದಿನಕ್ಕೆ ಇಟ್ಟುಕೊಂಡೆವು. ಅಲ್ಲಿಯವರೆಗೆ ಅವಳು ಬರೀ "ಕೂಸು". ನನಗೆ ಅಷ್ಟೇ ಸಾಕಿತ್ತು. ದಿನಕ್ಕೆ ನೂರು ಸಲ ಕೂಸೇ ಕೂಸೇ ಎಂದು ಕರೆದು ಗಂಟಲು ಕಟ್ಟಿತ್ತು.

ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ಕಾಲು ನೀವುತ್ತಿದ್ದೆ. ಗೇಟಿನಲ್ಲಿ ಪೋಸ್ಟಿನ ಹೆಂಗಸು ದಪ್ಪ ಲಕೋಟೆ ಹಿಡಿದು ಯಾವುದೋ ಹೆಸರು ಕೂಗಿದಳು. ಆ ಹೆಸರು ಇಲ್ಲಿ ಬೇಡ.

"ಆ ಹೆಸರಿನವರು ಇವಿಡೆ ಆಣೋ ಅಮ್ಮೇ? ಸೈನ್ ಬೇಕು."

"ಇಲ್ಲ ಮೋಳೆ. ಇಲ್ಲಿ ನಾನು, ಮಗಳು, ಅಳಿಯ. ಬೇರೆ ಯಾರೂ ಇಲ್ಲ."

"ಮನೆ ನಂಬರು ಇದೇ ಇದೆಯಲ್ಲ?"

"ನಂಬರು ಇದ್ದರೆ ಆಯಿತಾ? ಆಳು ಬೇಡವಾ? ಮೊದಲಿದ್ದ ಬಾಡಿಗೆಯವರದ್ದಿರಬೇಕು, ವಾಪಸು ಕಳಿಸು."

ಅವಳು ಲಕೋಟೆಯ ಮೇಲೆ ಏನೋ ಗೀಚಿ ತೆಗೆದುಕೊಂಡು ಹೋದಳು. ಎಣ್ಣೆಯ ಕೈಯಲ್ಲಿದ್ದ ನಾನು ಕೂಸಿನ ಇನ್ನೊಂದು ಕಾಲಿಗೆ ತಿರುಗಿದೆ.

ಮರುದಿನ ಅಳಿಯ ಬ್ಯಾಂಕಿನಿಂದ ಬಂದವನೇ ಕೇಳಿದ. ಅವನು ಮೈಸೂರಿನವನು, ಇಲ್ಲಿನ ಒಂದು ಬ್ಯಾಂಕಿನಲ್ಲಿ ಆಫೀಸರು. ಕೆಟ್ಟವನಲ್ಲ. ಆದರೆ ತಿಂಗಳ ಕೊನೆ ಬಂದರೆ ಅವನ ಕಣ್ಣಿಗೆ ಮನುಷ್ಯರು ಮನುಷ್ಯರ ಹಾಗೆ ಕಾಣುವುದಿಲ್ಲ, ಖಾತೆಗಳ ಹಾಗೆ ಕಾಣುತ್ತಾರೆ.

"ಅತ್ತೆ, ಪೋಸ್ಟ್ ಏನಾದ್ರೂ ಬಂತಾ?"

"ನಿನಗೆ ಬರ್ಲಿಲ್ಲ. ಯಾರೋ ಒಬ್ಬಳಿಗೆ ಬಂದಿತ್ತು, ಅಂಥವರು ಇಲ್ಲ ಅಂತ ವಾಪಸು ಕಳಿಸಿದೆ."

ಅವನು ಟೈ ಬಿಚ್ಚುತ್ತಿದ್ದವನು ನಿಂತ. "ಯಾರ ಹೆಸರಿತ್ತು?"

ನಾನು ನೆನಪಿದ್ದಷ್ಟು ಹೇಳಿದೆ. ಒಳಗೆ ಮಂಚದ ಮೇಲಿದ್ದ ಮಗಳು ದಡಕ್ಕನೆ ಎದ್ದು ಕೂತಳು.

"ರೀ," ಎಂದಳು. "ಅದು ಪಾಪುಗೆ ಅಂತ ನಾವಿಟ್ಟುಕೊಂಡ ಹೆಸ್ರು. ಪೋಸ್ಟಿನವಳಿಗೆ ಹೇಗೆ ಗೊತ್ತಾಯ್ತು?"

ಹೇಗೆ ಗೊತ್ತಾಯಿತೆಂದು ಅವನು ನಿಂತಲ್ಲೇ ಹೇಳಿದ. ಸರ್ಕಾರ ಮಕ್ಕಳಿಗೂ ಪಿಂಚಣಿ ಖಾತೆ ಎಂದು ಒಂದು ಯೋಜನೆ ತಂದಿದೆ. ಇಷ್ಟು ಖಾತೆ ಮಾಡಿಸಬೇಕೆಂದು ಪ್ರತಿ ಬ್ರಾಂಚಿಗೂ ಟಾರ್ಗೆಟ್. ತಿಂಗಳ ಕೊನೆಗೆ ಇವನಿಗೆ ಒಂದು ಕಡಿಮೆ ಬಿತ್ತು. ಕೂಸಿಗೆ ಒಂಬತ್ತು ದಿನ ಆಗಿತ್ತು. ಊಟದ ಹೊತ್ತಿನಲ್ಲಿ ಕಾರ್ಪೊರೇಷನ್ನಿಗೆ ಓಡಿ ಜನನ ಪತ್ರದಲ್ಲಿ ಹೆಸರು ಬರೆಸಿ, ಸಾವಿರ ರೂಪಾಯಿ ಕಟ್ಟಿ, ಕೂಸನ್ನು ಪಿಂಚಣಿಗೆ ಸೇರಿಸಿಬಿಟ್ಟಿದ್ದ. ಲಕೋಟೆಯಲ್ಲಿ ಇದ್ದದ್ದು ಕೂಸಿನ ಪಿಂಚಣಿ ಕಾರ್ಡು.

ನನ್ನ ಪಿಂಚಣಿ ನಿಲ್ಲದಿರಲಿ ಎಂದು, ಬದುಕಿದ್ದೇನೆಂದು ನಂಬಿಸಲು ನಾನು ಪ್ರತಿ ನವೆಂಬರಿನಲ್ಲಿ ಫೋನಿನ ಮುಂದೆ ಮುಖ ಹಿಡಿದು ಕಣ್ಣು ಪಿಳಿಪಿಳಿ ಮಾಡಬೇಕು. ಒಂದು ಸಲ ಬೆಳಕು ಸಾಲದೆಂದು ನನ್ನನ್ನು ಒಪ್ಪಿಕೊಳ್ಳಲೇ ಇಲ್ಲ. ಹೊಕ್ಕಳಬಳ್ಳಿ ಈಗಷ್ಟೇ ಉದುರಿದ, ಹೆಸರಿಡದ ಕೂಸಿಗೆ ಮಾತ್ರ ಅದೇ ಸರ್ಕಾರ ಮನೆ ಬಾಗಿಲಿಗೆ ಕಾರ್ಡು ಕಳಿಸುತ್ತದೆ.

"ಇನ್ನೂ ಕುತ್ತಿಗೆ ನಿಂತಿಲ್ಲ ಅದಕ್ಕೆ," ಎಂದೆ. "ಯಾವ ಕೆಲಸದಿಂದ ರಿಟೈರ್ ಆಯ್ತು ಮಾರಾಯ?"

"ಹಾಗಲ್ಲ ಕಣತ್ತೆ. ಈಗ ಹಾಕಿದ್ದು ಬೆಳೆಯುತ್ತೆ. ನಾನೇ ನಿಮ್ಮ ಹತ್ರ ಕೇಳೋಣ ಅಂತಿದ್ದೆ. ನಿಮ್ಮ ಅರವತ್ತು ಸಾವಿರ ಇದೆಯಲ್ಲ, ಅದನ್ನ ಇದ್ರಲ್ಲೇ ಹಾಕಿಬಿಟ್ರೆ ಪಾಪುಗೆ ದೊಡ್ಡ ಗಂಟಾಗುತ್ತೆ. ಟ್ಯಾಕ್ಸೂ ಉಳಿಯುತ್ತೆ."

"ಯಾರಿಗೆ ಉಳಿಯುತ್ತೆ?"

"ಹಳೇ ಪದ್ಧತೀಲಿ ಟ್ಯಾಕ್ಸ್ ಕಟ್ಟೋರಿಗೆ."

"ನೀನು ಯಾವುದರಲ್ಲಿದ್ದಿ?"

ಅವನು ಟೈಯನ್ನು ಸುರುಳಿ ಸುತ್ತಿದ. "ಹೊಸದ್ರಲ್ಲಿ."

"ಹಾಗಾದ್ರೆ ಉಳಿಯುವುದು ಎಂತದು, ಮಣ್ಣಾ? ಹೋಗ್ಲಿ, ಕೂಸಿಗೆ ಕೈಗೆ ಸಿಗುವುದು ಯಾವಾಗ?"

"ಓದಿಗೆ, ಕಾಯಿಲೆಗೆ ಮಧ್ಯೆ ಸ್ವಲ್ಪ ತೆಗೀಬಹುದು. ಪೂರ್ತಿ ಪಿಂಚಣಿ ಅಂತ ಬರೋದು ಅರವತ್ತಕ್ಕೆ."

ಅರವತ್ತಕ್ಕೆ! ನಾನು ಕೂಸಿನ ಮುಖ ನೋಡಿದೆ. ಅದು ಹಾಲು ಕುಡಿದು ತುಟಿಯ ಮೇಲೆ ಗುಳ್ಳೆ ಬಿಡುತ್ತಿತ್ತು. ಇದಕ್ಕೆ ಮೊಣಕಾಲು ನೋವು ಬರುವ ಕಾಲಕ್ಕೆ ನನ್ನ ಚಕ್ಕುಲಿಯ ದುಡ್ಡು ಸಿಗುತ್ತದಂತೆ. ಇದಕ್ಕೆ ಈಗ ಬೇಕಾದದ್ದು ಅಮ್ಮನ ಮೈಯ ಬಿಸಿ. ಆ ಬಿಸಿಯನ್ನು ನಲವತ್ತನೇ ದಿನಕ್ಕೆ ಮೆಷಿನ್ನಿಗೆ ಕಳಿಸಿ, ಅರವತ್ತನೇ ವರ್ಷಕ್ಕೆ ಕಂಬಳಿ ಕೊಡುತ್ತೇವೆ ಎನ್ನುವ ಬುದ್ಧಿವಂತಿಕೆಗೆ ಎಷ್ಟು ಕ್ಲಾಸು ಓದಬೇಕೋ ನನಗೆ ಗೊತ್ತಿಲ್ಲ. ಮೂರನೇ ಕ್ಲಾಸಿಗೆ ಬಿಟ್ಟದ್ದು ಒಳ್ಳೆಯದಾಯಿತು.

ಮಗಳು ನನ್ನ ಕಡೆ ನಿಲ್ಲುತ್ತಾಳೆಂದುಕೊಂಡಿದ್ದೆ. ಅವಳು ಹೆಸರಿನ ವಿಷಯಕ್ಕೆ ಗಂಡನಿಗೆ ಚೆನ್ನಾಗಿ ಬೈದಳು, ಅತ್ತಳು, ಮೂಗು ಒರೆಸಿಕೊಂಡಳು. ಆಮೇಲೆ ಹೇಳಿದಳು: "ಆದ್ರೂ ದುಡ್ಡು ಅದ್ರಲ್ಲೇ ಹಾಕಮ್ಮ. ನನಗೆ ಪೆನ್ಷನ್ನೂ ಇಲ್ಲ, ರಜೆಯೂ ಇಲ್ಲ. ಇವಳಿಗಾದ್ರೂ ಒಂದು ಇರ್ಲಿ. ನಾನು ಹೇಗೋ ಕೂತು ಹೊಲೀತೇನೆ."

ಅಳಿಯನೂ ಮೆತ್ತಗೆ ಸೇರಿಸಿದ: "ನಿಮಗೆ ಮಾವನ ಪಿಂಚಣಿ ಇದೆ ಅತ್ತೆ. ನನಗೆ ಆ ಥರದ್ದಿಲ್ಲ, ನಾನು ಕಟ್ಟಿದ್ದಷ್ಟೇ ನನಗೆ, ಅದೂ ಮಾರ್ಕೆಟ್ ಚೆನ್ನಾಗಿದ್ರೆ. ಹೆದರಿಕೆ ಆಗುತ್ತೆ."

ಆ ಮಾತು ನಿಜವೆಂದು ನನಗೆ ಗೊತ್ತಿತ್ತು. ಜವಾನನ ಹೆಂಡತಿಗೆ ಇರುವ ಧೈರ್ಯ ಆಫೀಸರನಿಗೆ ಇಲ್ಲದ ಹಾಗೆ ಮಾಡಿಟ್ಟವರಿಗೆ ಏನು ಹೇಳಬೇಕು? ಆದರೆ ಹೆದರಿದವನ ಕೈಯಲ್ಲಿ ಬಾಣಂತಿಯ ದುಡ್ಡು ಕೊಡಬಾರದು. ನಾನು ಎದ್ದುಹೋಗಿ ಮೆಂತ್ಯದ ಗಂಜಿ ಕಾಯಿಸಿದೆ.

ಮರುದಿನ ಹತ್ತೂವರೆಗೆ ಕೂಸನ್ನು ಮಲಗಿಸಿ ಆಟೋ ಹತ್ತಿ ಅಳಿಯನ ಬ್ಯಾಂಕಿಗೇ ಹೋದೆ. ದುಡ್ಡು ಇದ್ದದ್ದೂ ಅಲ್ಲೇ. ಮಗಳ ಮದುವೆಯಾದ ಹೊಸದರಲ್ಲಿ ಅಳಿಯನಿಗೆ ಹಿರಿಯರ ಖಾತೆ ಎಂದು ಇನ್ನೊಂದು ಟಾರ್ಗೆಟ್ ಇತ್ತು, ಆಗ ಎರ್ನಾಕುಲಂನಿಂದ ನನ್ನನ್ನು ಎಳೆದು ತಂದು ಇಲ್ಲಿ ಸೇರಿಸಿದ್ದ. ಅರವತ್ತು ಸಾವಿರ ತೆಗೆಯುವ ಚೀಟಿ ತುಂಬಿ ಕೊಟ್ಟೆ. ದೊಡ್ಡ ಮೊತ್ತ, ಸಾರ್ ನೋಡಬೇಕು ಎಂದು ಕೌಂಟರಿನ ಹುಡುಗಿ ಒಳಗೆ ಕಳಿಸಿದಳು. ಸಾರ್ ಎಂದರೆ ನಮ್ಮ ಅಳಿಯ.

ಚೀಟಿ ನೋಡಿ ಅವನ ಮುಖ ಕೆಂಪಾಯಿತು. ಪಕ್ಕದಲ್ಲಿ ಇಬ್ಬರು ಕಾಯುತ್ತಿದ್ದರು. ತಗ್ಗಿದ ದನಿಯಲ್ಲಿ, "ಅತ್ತೆ, ಮನೆಗೆ ಹೋಗಿ ಮಾತಾಡೋಣ. ಇನ್ನೊಂದು ಸಲ ಯೋಚನೆ ಮಾಡಿ" ಎಂದ.

"ಹೆಸರು ಬರೆಸುವಾಗ ನೀನು ಯೋಚನೆ ಮಾಡಿದ್ದೀಯಾ?"

"ಅದು ತಪ್ಪಾಯ್ತು ಅತ್ತೆ."

"ಹೌದು. ಹಾಗಾದ್ರೆ ಸಹಿ ಹಾಕು."

"ಪಾಪು ಭವಿಷ್ಯ ಅತ್ತೆ..."

"ಪಾಪುವಿನ ಭವಿಷ್ಯ ಮಧ್ಯಾಹ್ನ ಹನ್ನೆರಡಕ್ಕೆ ಉಂಟು. ಏಳ್ತದೆ, ಹಾಲು ಕೇಳ್ತದೆ. ನನಗೆ ಅಷ್ಟರೊಳಗೆ ಮನೆಗೆ ಹೋಗ್ಬೇಕು."

ಕಾಯುತ್ತಿದ್ದವರಲ್ಲಿ ಒಬ್ಬರಿಗೆ ಕನ್ನಡ ಬಾರದಿದ್ದರೂ ನಗು ಬಂತು. ಅಳಿಯ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ಸಹಿ ಮಾಡಿದ. ತಾನೇ ಎದ್ದು ಕ್ಯಾಶಿನವರೆಗೆ ಬಂದು, ನೋಟು ಎಣಿಸುವ ಯಂತ್ರದ ಪಕ್ಕ ನಿಂತು, ಕಟ್ಟನ್ನು ನನ್ನ ಕೈಚೀಲದೊಳಗೆ ಇಟ್ಟು, ಜಿಪ್ಪು ಎಳೆದು ಕೊಟ್ಟ. "ಆಟೋದಲ್ಲೇ ಹೋಗಿ" ಎಂದ. ಅದೊಂದು ಮಾತು ಅವನಿಗೆ ಯಾರೂ ಟಾರ್ಗೆಟ್ ಕೊಟ್ಟು ಹೇಳಿಸಿದ್ದಲ್ಲ.

ನಾನು ಮನೆಗೆ ಹೋಗುವ ಮೊದಲು ಆ ಹೊಲಿಗೆಯ ಹೆಂಗಸಿನ ಮನೆ ಬಾಗಿಲು ತಟ್ಟಿ ಆರು ತಿಂಗಳದ್ದೂ ಒಟ್ಟಿಗೆ ಕೊಟ್ಟುಬಿಟ್ಟೆ. ತಿಂಗಳಿಗಷ್ಟು ಎಂದು ಇಟ್ಟುಕೊಂಡರೆ ಮಗಳು ಎರಡನೇ ತಿಂಗಳಲ್ಲಿ ಕಸಿದು ಪಿಂಚಣಿಗೆ ಹಾಕುತ್ತಾಳೆಂದು ನನಗೆ ಗೊತ್ತಿತ್ತು. ಆ ಹೆಂಗಸು ಕಟ್ಟನ್ನು ನೋಡಿ ಹೆದರಿ, "ನಾನು ಓಡಿಹೋದರೆ ಏನು ಮಾಡ್ತೀರಿ ಅಮ್ಮಾ?" ಎಂದಳು.

"ಓಡು. ಅರವತ್ತು ವರ್ಷ ಕಾಯಿಸುವವರಿಗಿಂತ ನೀನು ವಾಸಿ."

ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾತಾಡದಿದ್ದರೇನು, ನಾನು ಮಾಡಿದ ಗಂಜಿ ಕುಡಿದಳು. ಇಪ್ಪತ್ತೆಂಟನೇ ದಿನ ಸೋದರತ್ತೆ ಬಂದು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಪೋಸ್ಟಿನವಳ ಬಾಯಲ್ಲಿ ಬಿದ್ದ ಹೆಸರೇ. ಬದಲಾಯಿಸಬೇಕೆಂದರೆ ಮತ್ತೆ ಹತ್ತು ಕಾಗದ, ಹತ್ತು ಕ್ಯೂ ಎಂದು ಬಿಟ್ಟೆವು. ಕೂಸು ಕೇಳಿ ಆಕಳಿಸಿತು. ಎಷ್ಟು ಚಂದದ ಆಕಳಿಕೆ! ನಾನು ಅಲ್ಲೇ ಕುಣಿಯುವುದೊಂದು ಬಾಕಿ.

ಸೋಮವಾರ ಹೊಲಿಗೆಯ ಹೆಂಗಸು ಒಂಬತ್ತಕ್ಕೇ ಬಂದಳು. ಮುಂದಿನ ಕೋಣೆಯಲ್ಲಿ ಮೆಷಿನ್ ಶುರುವಾಯಿತು. ಹಾಲು ಕುಡಿಸುತ್ತಿದ್ದ ಮಗಳು ಆ ಸದ್ದಿಗೆ ಕಿವಿ ಕೊಟ್ಟಳು.

"ಆ ತೋಳಿನ ಹೊಲಿಗೆ ಹಾಗಲ್ಲ," ಎಂದು ಕೂಗಿದಳು. "ಚೇಚೀ, ನಿಲ್ಲಿ, ನಾನು ಬಂದೆ!"

ಒಂದು ಕಾಲು ಮಂಚದಿಂದ ಇಳಿಸಿಯೂ ಬಿಟ್ಟಳು. ನಾನು ಆ ಕಾಲನ್ನು ಹಿಡಿದು ಎತ್ತಿ ಮಂಚದ ಮೇಲೆ ಇಟ್ಟು, ಹೊದಿಕೆ ಎಳೆದೆ.

"ಹಾಳಾದ್ರೆ ಹಾಳಾಗ್ಲಿ ಒಂದು ರವಕೆ," ಎಂದೆ. "ನೀನು ಮಲ್ಕೋ. ನೀನು ಮಲಗುವುದಕ್ಕೇ ದುಡ್ಡು ಕೊಟ್ಟಾಗಿದೆ."

ಅವಳಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಕೂಸನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡು ಮಲಗಿದಳು. ಹೊರಗೆ ಮೆಷಿನ್ ತನ್ನ ಪಾಡಿಗೆ ಓಡುತ್ತಿತ್ತು.