ಬೀದಿಯಲ್ಲಿ ಯಾರಿಗೂ ಕೆಲಸವಿಲ್ಲ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆ ಅರ್ಧಕ್ಕೆ ಬಿಟ್ಟವಳು, ಮಾತಿನಲ್ಲೂ ತಪ್ಪಿರಬಹುದು, ಓದುವವರು ಮನ್ನಿಸಬೇಕು. ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡದ್ದನ್ನು ಮಾತ್ರ ಬರೆದಿದ್ದೇನೆ. ಇದು ನಮ್ಮ ಬೀದಿಯ ಲಾಂಡ್ರಿ ಅಕ್ಕನ ವಿಷಯ.

ಅಕ್ಕ ಹಗಲೆಲ್ಲ ಲಾಂಡ್ರಿಯಲ್ಲಿ ಬಟ್ಟೆಗಳಿಗೆ ನಂಬರಿನ ಚೀಟಿ ಸಿಕ್ಕಿಸುತ್ತಾಳೆ. ಕಾಲರಿನ ಕೊಳೆ ನೋಡಿಯೇ ಯಾರ ಮನೆಯ ಅಂಗಿ ಎಂದು ಹೇಳಬಲ್ಲಳು. ಸಂಜೆ ಕಾಲೇಜಿಗೆ ಹೋಗಿ ಅರ್ಥಶಾಸ್ತ್ರದ ಡಿಗ್ರಿ ಓದುತ್ತಾಳೆ. ಮಗು ಹುಟ್ಟಿದಾಗೊಮ್ಮೆ, ಗಂಡ ಕಾಲು ಮುರಿದುಕೊಂಡಾಗೊಮ್ಮೆ ಬಿಟ್ಟು, ಮತ್ತೆ ಹಿಡಿದ ಓದು ಅದು. ಗಣಿತ, ಅಂಕಿಅಂಶ ಎಲ್ಲ ಪತ್ರಿಕೆಗಳನ್ನೂ ದಾಟಿದ್ದಳು. ಉಳಿದದ್ದು ಒಂದೇ: ತಾನಿರುವ ಬೀದಿಯಲ್ಲಿ ಮನೆಮನೆಗೆ ಹೋಗಿ, ಮನೆಯೊಳಗೇ ಕೂತು ದುಡಿಯುವವರು ಯಾರು, ಏನು ಮಾಡುತ್ತಾರೆ ಎಂದು ಕೇಳಿ ವರದಿ ಬರೆಯುವುದು. ಅದಿಲ್ಲದೆ ಡಿಗ್ರಿ ಇಲ್ಲ.

ಸುಲಭ ಅಂದುಕೊಂಡಿದ್ದಳು. ದಿನವೂ ಮಾತಾಡಿಸುವ ಜನ. ಆದರೆ ಅವಳ ಕೈಯಲ್ಲಿ ಪೆನ್ನು ಕಂಡದ್ದೇ ತಡ, ಬೀದಿಯ ಮುಖವೇ ಬದಲಾಯಿತು.

ಮೊದಲ ಮನೆಯವಳು ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ಕೆಲಸವಾ? ನಮ್ಮನೇಲಿ ಯಾರೂ ಏನೂ ಮಾಡಲ್ಲಮ್ಮ."

ಒಳಗೆ ಹೊಲಿಗೆ ಯಂತ್ರ ಗಡಗಡ ಓಡುತ್ತಿತ್ತು.

"ಮತ್ತೆ ಆ ಸದ್ದು?"

"ಫ್ಯಾನು. ಹಳೇದು."

ಅವಳ ತೋಳಿನ ಮೇಲೆ ಕೆಂಪು ನೂಲಿನ ಎಳೆಗಳು ಅಂಟಿಕೊಂಡಿದ್ದವು.

ಎದುರುಮನೆಯಲ್ಲಿ ಕರಗಿದ ಮೇಣದ ವಾಸನೆ ಮೂಗಿಗೆ ಬಡಿಯಿತು. "ಕರೆಂಟ್ ಹೋಗಿತ್ತು, ಮೇಣದಬತ್ತಿ ಹಚ್ಚಿದ್ವಿ" ಎಂದ ಆ ಮನೆಯ ಯಜಮಾನ, ತಲೆಯ ಮೇಲೆ ಬಲ್ಬು ಉರಿಯುತ್ತಿರುವಾಗಲೇ. ಅದರಾಚೆಯ ಮನೆಯ ಅಜ್ಜಿ ತಾನೇ ಪ್ರಶ್ನೆ ಹಾಕಿದರು.

"ಯಾರು ಕಳಿಸಿದ್ದು ನಿನ್ನ? ಹೋದ ಸಲವೂ ಒಬ್ಬ ಹೀಗೇ ನಗ್ತಾ ಬಂದು ಎಲ್ಲಾ ಕೇಳ್ಕೊಂಡು ಹೋದ. ಆಮೇಲೆ ನಮ್ಮ ಕರೆಂಟ್ ಮೀಟರಿಗೆ ಅಂಗಡಿಗೆ ಹಾಕೋ ಜಾಸ್ತಿ ದರ ಹಾಕಿದ್ರು."

"ನಾನು ಕಾಲೇಜಿಗೆ ಬರೀತಿರೋದಜ್ಜಿ."

"ಅವನೂ ಹಾಗೇ ಅಂದಿದ್ದ."

ಕೊನೆಯ ಮನೆ ಮುಗಿಯುವಷ್ಟರಲ್ಲಿ ಎಲ್ಲರ ಉತ್ತರವೂ ಒಂದೇ ಅಚ್ಚಿನಲ್ಲಿ ತೆಗೆದಂತಿತ್ತು. ಯಾರೋ ಮೊದಲೇ ಬೀದಿಗೆಲ್ಲ ಹೇಳಿಕೊಟ್ಟಿದ್ದಾರೆ ಎಂದು ಅಕ್ಕನಿಗೆ ಗುಮಾನಿ ಬಂತು. ಅಂದಿನಿಂದ ಯಾರು ಗುಸುಗುಸು ಮಾಡಿದರೂ ತನ್ನ ಬಗ್ಗೆಯೇ ಅನ್ನಿಸತೊಡಗಿತು. ಲಾಂಡ್ರಿಗೆ ಬಟ್ಟೆ ತಂದವರೂ ಈಗ ಜೇಬುಗಳನ್ನು ಮತ್ತೆ ಮತ್ತೆ ತಡಕಿ ನೋಡಿ ಕೊಡುತ್ತಿದ್ದರು.

ಕಾಲೇಜಿನಲ್ಲಿ ಮೇಷ್ಟ್ರು ವರದಿ ತಿರುವಿ ಹಾಕಿ ಕನ್ನಡಕ ತೆಗೆದರು.

"ಇಡೀ ಬೀದೀಲಿ ಮನೇಲಿ ದುಡಿಯೋರು ಒಬ್ಬರೂ ಇಲ್ವಾ? ಇದನ್ನ ಸುಮ್ಮನೆ ಕೂತು ಬರೆದ್ರಾ?"

"ಇಲ್ಲ ಸಾರ್. ಪ್ರತಿ ಬಾಗಿಲಿಗೂ ಹೋಗಿದ್ದೆ. ಅವರೇ ಸುಳ್ಳು ಹೇಳಿದ್ರು."

"ಸರಿ, ಅವರು ಸುಳ್ಳು. ನಿಮ್ಮ ಮನೆ?"

ಅಕ್ಕ ವರದಿಯಲ್ಲಿ ತನ್ನ ಮನೆಯ ಸಾಲು ನೋಡಿದಳು. ಅವಳ ಅತ್ತೆ ದಿನವಿಡೀ ಸಿದ್ಧ ಉಡುಪಿನ ಕಾರ್ಖಾನೆಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಾರೆ. ಅವರ ಸಾಲಿನಲ್ಲಿ ಅಕ್ಕ ತನ್ನ ಕೈಯಾರೆ ಕೆಲಸವಿಲ್ಲ ಎಂದು ಬರೆದಿದ್ದಳು. ಮೀಟರಿನ ಭಯ ಅವಳಿಗೂ ಇತ್ತು.

"ಮುಂದಿನ ವಾರದೊಳಗೆ ಸರಿಯಾದದ್ದು ತನ್ನಿ. ಇದನ್ನಂತೂ ನಾನು ಒಪ್ಪಲ್ಲ" ಎಂದರು ಮೇಷ್ಟ್ರು.

ಮನೆಗೆ ಬಂದು ಅತ್ತೆಯ ಎದುರು ಕೂತಳು.

"ಅತ್ತೆ, ಬೀದಿಯವರಿಗೆ ಹೇಳ್ಕೊಟ್ಟೋರು ಯಾರು, ಗೊತ್ತಾ ನಿಮಗೆ?"

ಅತ್ತೆ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ನಾನೇ."

"ನೀವಾ?"

"ಮತ್ತೆ? ನಾನು ಗುಂಡಿ ಹೊಲಿಯೋದು ತಿಳ್ಕೊಂಡು ಕಾಲೇಜಿನವರಿಗೆ ಆಗಬೇಕಾದ್ದೇನು? ಯಾರೋ ನಿನ್ನ ಚೆನ್ನಾಗಿ ಆಟ ಆಡಿಸ್ತಿದಾರೆ ಅಂದ್ಕೊಂಡೆ. ನೀನು ಮೊದಲೇ ಎಲ್ಲಾರನ್ನೂ ನಂಬೋ ಪೈಕಿ."

"ನಾನೂ ನಿಮಗೆ ಕೆಲಸ ಇಲ್ಲ ಅಂತಲೇ ಬರೆದೆ, ಅತ್ತೆ."

ಅತ್ತೆಯ ಕೈ ನಿಂತಿತು. "ಕೆಲಸ ಇಲ್ವಾ ನಂಗೆ?" ಎಂದು ಬೆರಳು ಚಾಚಿದರು. ಸೂಜಿ ಚುಚ್ಚಿ ಚುಚ್ಚಿ ತುದಿ ಜಡ್ಡುಗಟ್ಟಿತ್ತು.

"ನೀವೇ ತಾನೇ ಹಾಗೆ ಹೇಳಿ ಅಂದಿದ್ದು?"

"ಊರವರು ಹೇಳೋದು ಬೇರೆ. ನೀನು ಬರೆದುಬಿಡೋದು ಬೇರೆ."

ಅತ್ತೆ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟರು. ಆಮೇಲೆ ಅತ್ತೆಯೇ ಕೇಳಿದರು.

"ಹೆಸರು ಹಾಕ್ತೀಯಾ?"

"ಇಲ್ಲ. ಮನೆ ನಂಬರೂ ಹಾಕಲ್ಲ."

"ಹಾಗಾದ್ರೆ ಬರಿ. ಪೆನ್ಸಿಲಲ್ಲಿ ಬರಿ. ನಾಳೆ ಯಾರಾದ್ರೂ ಬಂದ್ರೆ ಅಳಿಸಬಹುದು."

ಅಕ್ಕ ಪೆನ್ಸಿಲಿನಲ್ಲೇ ಬರೆದಳು. ಮರುದಿನ ಅತ್ತೆಯೂ ಗುಂಡಿಯ ಚೀಲ ಹಿಡಿದು ಜೊತೆಗೆ ಹೊರಟರು. ಮೊದಲ ಮನೆಯವಳು "ನಿಮ್ಮದೇನು ಬರೆದಿದೆ, ಮೊದ್ಲು ಓದಿ" ಎಂದಳು. ಓದಿಸಿ ಕೇಳಿದ ಮೇಲೆ "ಹೊಲಿಗೆ" ಎಂದಳು, ಅದೂ ತಗ್ಗಿದ ದನಿಯಲ್ಲಿ, ಬೀದಿಯ ಆಚೀಚೆ ನೋಡಿ. ಎದುರುಮನೆಯ ಯಜಮಾನ ಅವತ್ತೂ ಕರೆಂಟ್ ಹೋಗಿತ್ತು ಅಂದ. ಅಜ್ಜಿ ಬಾಗಿಲೇ ತೆರೆಯಲಿಲ್ಲ.

ನಾಳೆ ಅಕ್ಕ ಮತ್ತೆ ನಮ್ಮ ಮನೆಗೆ ಬರುತ್ತಾಳೆ. ಈ ಸಲವೂ ಕೆಲಸ ಮಾಡೋರು ಯಾರೂ ಇಲ್ಲ ಅನ್ನು ಎಂದು ಅಮ್ಮ ಹೇಳಿಟ್ಟಿದ್ದಾಳೆ. ನಾನು ಬಾಗಿಲು ತೆರೆಯುತ್ತೇನೆ. ಮನೆಯಲ್ಲಿ ಕೂತು ಕಾಗದದ ಕವರು ಅಂಟಿಸುವವಳು ನಾನೇ ಎಂದು ಹೇಳುತ್ತೇನೆ.