ಮೇಲಿನ ‘ಸ’ ಮತ್ತು ಒಂದು ಕೆಮ್ಮು

ಸೊಸೆ ಒಳಗೆ ಮೆಣಸಿನ ಕಷಾಯ ಕಾಯಿಸುತ್ತಿದ್ದಾಳೆ. ಆ ಘಾಟು ಮೂಗಿಗೆ ಬಡಿದರೆ ನಿಮಗೆ ನೆಗಡಿ ನೆನಪಾಗಬಹುದು. ನನಗೆ ಸಂಗೀತ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ನಾನಾಗ ಎಂಟೊಂಬತ್ತು ವರ್ಷದವನು. ಅತ್ತಿಗುಪ್ಪೆಯ ಅಕ್ಕಸಾಲಿಗರ ಬೀದಿಯಲ್ಲಿ ನಮ್ಮ ಮನೆ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬೀಳುತ್ತದೆಂಬ ಸುದ್ದಿ ಹಬ್ಬಿ, ಗಾಡಿ ಸಿಕ್ಕವರೆಲ್ಲ ಹಳ್ಳಿಗಳ ಕಡೆ ಹೊರಟ ವರ್ಷ ಅದು. ಹಾಗೆ ಬಂದವರಲ್ಲಿ ಪುಟ್ಟಾಚಾರ್ಯರೂ ಒಬ್ಬರು. ಪಟ್ಟಣದಲ್ಲಿ ಹಾಡಿ ಹೆಸರು ಮಾಡಿದವರು, ಆಮೇಲೆ ಯಾವುದೋ ಜ್ವರದಲ್ಲಿ ದನಿ ಕಳೆದುಕೊಂಡವರು. ನಮ್ಮಪ್ಪ ಜಗಲಿ ಬಿಟ್ಟುಕೊಟ್ಟು, ಬೀದಿಯ ಮಕ್ಕಳಿಗೆ ನಾಲ್ಕು ಸ್ವರ ಹೇಳಿಕೊಡಿ ಎಂದರು. ಅವರಿಗೆ ರಾಗಿ, ನಮಗೆ ರಾಗ.

ಬೆಳಿಗ್ಗೆ ಕಷಾಯ ಕುಡಿದೇ ಅವರು ಪಾಠಕ್ಕೆ ಕೂರುತ್ತಿದ್ದದ್ದು. ಸ ರಿ ಗ ಮ ಎಂದು ಏರುತ್ತ ಹೋಗಿ, ಮೇಲಿನ ‘ಸ’ ಬರುವ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ಒಮ್ಮೆ ಕೆಮ್ಮಿ, ತಲೆ ವಾಲಿಸಿ, ಗೊಗ್ಗರು ದನಿಯಲ್ಲಿ ಅದನ್ನು ಮುಟ್ಟುವರು. ನಾವು ಒಳ್ಳೆಯ ಶಿಷ್ಯರು. ಗುರುಗಳು ಮಾಡಿದ್ದನ್ನೆಲ್ಲ ಮಾಡಿದೆವು. ಬೀದಿಯಲ್ಲಿ ಆಡುತ್ತ ಹಾಡಿಕೊಂಡರೂ ಮೇಲಿನ ‘ಸ’ಕ್ಕೆ ಮುಂಚೆ ಕೆಮ್ಮು ತಪ್ಪುತ್ತಿರಲಿಲ್ಲ. ಅದೂ ಸಂಗೀತದ್ದೇ ಒಂದು ಭಾಗವೆಂದು ನಾನಂತೂ ನಂಬಿದ್ದೆ.

ನನ್ನ ತಂಗಿಯ ನಾಮಕರಣದ ದಿನ ಅಪ್ಪ ಹೆಮ್ಮೆಯಿಂದ ನಮ್ಮನ್ನು ಸಾಲಾಗಿ ಕೂರಿಸಿದರು. ಹೇಮಗಿರಿ ಕಡೆಯಿಂದ, ನಾಗಮಂಗಲದಿಂದ ನೆಂಟರು ಬಂದಿದ್ದರು. ನಾವು ಏರಿದೆವು. ಎಲ್ಲರೂ ಒಟ್ಟಿಗೆ ಕೆಮ್ಮಿದೆವು, ಒಟ್ಟಿಗೆ ತಲೆ ವಾಲಿಸಿದೆವು. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಗಮಂಗಲದ ಮಾವನಿಗೆ ಬಾಯಲ್ಲಿದ್ದ ಎಲೆಯಡಿಕೆ ನೆತ್ತಿಗೇರಿತು. ಆಚಾರ್ಯರು ಮಾತ್ರ ನೆಲ ನೋಡುತ್ತ ಕುಳಿತಿದ್ದರು. ತಮ್ಮ ಗಂಟಲು ಹೊರಗಿನವರಿಗೆ ಹೇಗೆ ಕೇಳುತ್ತದೆಂದು ಅವರಿಗೆ ಅಂದೇ ತಿಳಿದಿರಬೇಕು.

ಮರುದಿನ ಗಂಟು ಕಟ್ಟಿಕೊಂಡು ಅಪ್ಪನ ಮುಂದೆ ಬಂದು ನಿಂತರು.

“ನನ್ ಗಂಟ್ಲಂತೂ ಓಯ್ತು. ಈ ಮಕ್ಳುದ್ನೂ ಯಾಕೆ ಕೆಡುಸ್ಲಿ?”

ಹೊರಗಿನವರೆದುರು ಎಂದೂ ಬಾಯಿ ಬಿಡದ ಅವ್ವ ಬಾಗಿಲ ಮರೆಯಿಂದಲೇ ಹೇಳಿದಳು: “ಅಯ್ನೋರೆ, ಕೆಮ್ಮೋದ್ನೇ ಇಷ್ಟು ಚೆಂದಾಗಿ ಕಲ್ತವ್ರೆ. ರಾಗ ಕಲೀದೆ ಓಯ್ತಾರಾ?”

ಆಚಾರ್ಯರು ಗಂಟು ಇಳಿಸಿದರು.

ಅಂದಿನಿಂದ ಮೇಲಿನ ‘ಸ’ ಬಂದಾಗ ಅವರು ಬಾಯಿ ತೆರೆಯುತ್ತಿರಲಿಲ್ಲ. ಕೈ ಮೇಲಕ್ಕೆತ್ತಿ ನಮ್ಮ ಕಡೆ ನೋಡುವರು, ಹೋಗಬೇಕಾದದ್ದು ನಾವೇ. ಮೊದಮೊದಲು ಒಬ್ಬೊಬ್ಬರು ಒಂದೊಂದು ಊರಿಗೆ ಹೋದೆವು. ನಾನು ಹೋದ ಊರಿನಿಂದ ವಾಪಸು ಬರುವ ದಾರಿಯೇ ಇರಲಿಲ್ಲ. ಕೊನೆಗೊಂದು ಬೆಳಿಗ್ಗೆ ಕಮ್ಮಾರರ ಮನೆಯ ದೇವೀರಿ ಸರಿಯಾದ ಜಾಗಕ್ಕೆ ಹೋಗಿ ನಿಂತಳು. ಆಚಾರ್ಯರು ಎತ್ತಿದ ಕೈ ಇಳಿಸುವುದನ್ನೇ ಮರೆತರು. “ಅಲ್ಲೇ ಇರವ್ವ,” ಎಂದರು ಮೆಲ್ಲಗೆ.

ಈಗ ನನ್ನ ದನಿಯೂ ವಯಸ್ಸಿನ ಪಾಲಾಗಿದೆ. ಮೊಮ್ಮಗಳು ಹಾಡು ಹೇಳಿಕೊಡು ಎಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ನಿಮ್ಮೊಂದಿಗೆ ಇಷ್ಟು ಮಾತಾಡಿದ ಮೇಲೆ ಜಾರಲು ಮನಸ್ಸಾಗಲಿಲ್ಲ. ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಬಂದ ದನಿಯಲ್ಲೇ ಸ ರಿ ಗ ಮ ಎಂದೆ. ‘ನಿ’ ದಾಟಲು ನನ್ನಿಂದಾಗಲಿಲ್ಲ, ಸುಮ್ಮನಾದೆ.

ಅವಳು ನನಗಾಗಿ ಕಾಯಲಿಲ್ಲ, ಒಬ್ಬಳೇ ಮೇಲಿನ ‘ಸ’ಕ್ಕೆ ಹೋಗಿ ನಿಂತಳು.